ಹಿಟ್ಲರ್ ಬರುವ ಹೊತ್ತಿಗೆ ಸಂಸತ್ತು ಎಲ್ಲಿತ್ತು?

ಪ್ರಶ್ನೆ: ಮಗಳಿಗೆ ಹೈಸ್ಕೂಲಿನ ಇತಿಹಾಸ ಹೇಳಿಕೊಡುತ್ತಿದ್ದೆ. ಎರಡು ಮಹಾಯುದ್ಧಗಳ ನಡುವೆ ಜರ್ಮನಿಯಲ್ಲಿ ಪ್ರಜಾಪ್ರಭುತ್ವ ಯಾಕೆ ಸೋತಿತು ಎಂಬ ಪಾಠ. ವರ್ಸೇಲ್ಸ್ ಒಪ್ಪಂದ, ನೋಟಿಗೆ ಬೆಲೆಯೇ ಇಲ್ಲದಂತಾದದ್ದು, ನಿರುದ್ಯೋಗ, ಹಿಟ್ಲರ್‌ನ ಭಾಷಣ ಅಂತ ನಾಲ್ಕು ಪಾಯಿಂಟ್ ಬರೆಸಿದ್ದಾರೆ. ಅವಳು ಕೇಳಿದಳು: "ಹಾಗಾದರೆ ಜನರೇ ವೋಟು ಹಾಕಿ ಅವನನ್ನು ಗೆಲ್ಲಿಸಿದರಾ ಅಪ್ಪ? ಕೆಲಸ ಇಲ್ಲದವರು ಅಮೆರಿಕದಲ್ಲೂ ಇದ್ದರಲ್ವಾ? ಅಲ್ಲಿ ಯಾಕೆ ಹೀಗಾಗಲಿಲ್ಲ?" ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೀರಾ? ಪರೀಕ್ಷೆಯಲ್ಲಿ ಯಾವ ಇಸವಿ ಬರೆಯಬೇಕು ಅಂತಲೂ ಅವಳಿಗೆ ಅನುಮಾನ.

ಉತ್ತರ: ನಿಮ್ಮ ಮಗಳು ಪಾಠಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದ್ದಾಳೆ. ಹಾಗಾಗಿ ಉತ್ತರವೂ ಸ್ವಲ್ಪ ಉದ್ದವಾಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರ, ಇಲ್ಲ. ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲೂ ಹಿಟ್ಲರ್‌ನ ಪಕ್ಷಕ್ಕೆ ಬಹುಮತ ಸಿಗಲಿಲ್ಲ. 1928ರಲ್ಲಿ ನಾಜಿಗಳಿಗೆ ಬಿದ್ದ ಮತ ಶೇ. 2.6. 1930ರ ಸೆಪ್ಟೆಂಬರ್‌ನಲ್ಲಿ ಶೇ. 18.3. 1932ರ ಜುಲೈನಲ್ಲಿ ಶೇ. 37.3. ಅಲ್ಲಿಗೆ ಏರಿಕೆ ನಿಂತಿತು. ಅದೇ ವರ್ಷದ ನವೆಂಬರ್‌ನಲ್ಲಿ ಶೇ. 33.1ಕ್ಕೆ ಇಳಿದರು. ಸುಮಾರು 20 ಲಕ್ಷ ಮತ ಕೈಬಿಟ್ಟಿತ್ತು. ಅದೇ ವರ್ಷ ಹಿಟ್ಲರ್ ಅಧ್ಯಕ್ಷ ಚುನಾವಣೆಗೂ ನಿಂತಿದ್ದ, ಸೋತಿದ್ದ. ಅವನು ಚಾನ್ಸಲರ್ (ನಮ್ಮ ಪ್ರಧಾನಿಯಂಥ ಹುದ್ದೆ) ಆದದ್ದು 1933ರ ಜನವರಿ 30ರಂದು. ಅಂದರೆ ಪಕ್ಷ ಏರುತ್ತಿದ್ದಾಗ ಅಲ್ಲ, ಇಳಿಯುತ್ತಿದ್ದಾಗ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದ ಕಥೆ ಬೇರೆ ಥರ ಕಾಣುತ್ತದೆ.

ಜನರದ್ದು ಏನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. 1932ರ ಜುಲೈನಲ್ಲಿ 1 ಕೋಟಿ 37 ಲಕ್ಷ ಜನ ಅವನ ಪಕ್ಷಕ್ಕೆ ವೋಟು ಹಾಕಿದ್ದರು. ಅದು ಸಣ್ಣ ಗುಂಪಲ್ಲ. ಆದರೆ ಹೊರಗೆ ನಿಂತು ಬಾಗಿಲು ಬಡಿಯುವವರು ಬೇರೆ, ಒಳಗಿನಿಂದ ಚಿಲಕ ತೆಗೆಯುವವರು ಬೇರೆ. ನನ್ನ ಉತ್ತರ ಹೆಚ್ಚಾಗಿ ಚಿಲಕ ತೆಗೆದವರ ಬಗ್ಗೆ.

ಪಾಠದ ನಾಲ್ಕು ಪಾಯಿಂಟ್‌ಗಳಲ್ಲಿ ಒಂದನ್ನು ಮೊದಲು ಪಕ್ಕಕ್ಕಿಡೋಣ. ನೋಟು ತುಂಬಿದ ತಳ್ಳುಗಾಡಿಯ ಚಿತ್ರ ಎಲ್ಲರಿಗೂ ನೆನಪಿರುತ್ತದೆ. ಯುದ್ಧಕ್ಕೆ ಮುಂಚೆ ಒಂದು ಡಾಲರ್‌ಗೆ 4.2 ಮಾರ್ಕ್ ಇತ್ತು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕ್. ಜೀವಮಾನದ ಉಳಿತಾಯ ಒಂದು ಬ್ರೆಡ್ಡಿಗೂ ಸಾಲದಾಯಿತು. ಆದರೆ ಇಸವಿ ನೋಡಿ. ಇದು ನಡೆದದ್ದು 1923ರಲ್ಲಿ. ಆ ವರ್ಷ ಫ್ರಾನ್ಸ್ ಜರ್ಮನಿಯ ಕಾರ್ಖಾನೆಗಳ ಸೀಮೆಯಾದ ರೂರ್ ಕಣಿವೆಗೆ ಸೈನ್ಯ ನುಗ್ಗಿಸಿತ್ತು, ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿದ್ದ, ಕಮ್ಯುನಿಸ್ಟರು ಹ್ಯಾಂಬರ್ಗ್‌ನಲ್ಲಿ ಎದ್ದಿದ್ದರು. ಇಷ್ಟೆಲ್ಲ ಆದರೂ 1918ರಲ್ಲಿ ರಾಜನ ಆಳ್ವಿಕೆ ಮುಗಿದು ಬಂದಿದ್ದ ಗಣರಾಜ್ಯ ಬೀಳಲಿಲ್ಲ. ಹೊಸ ನಾಣ್ಯ ಬಂತು, ಐದಾರು ವರ್ಷ ಬದುಕು ಹಳಿಗೆ ಬಂತು. ಐದು ವರ್ಷದ ನಂತರದ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು 12 ಸೀಟು. ಹಿಟ್ಲರ್‌ನ ಹಾದಿ ತೆರೆದ ಸಂಕಟದಲ್ಲಿ ಬೆಲೆಗಳು ಏರುತ್ತಿರಲಿಲ್ಲ, ಬೀಳುತ್ತಿದ್ದವು. ನೋಟಿಗೆ ಬೆಲೆ ಇತ್ತು, ಜೇಬಿನಲ್ಲಿ ನೋಟಿರಲಿಲ್ಲ. ಎಷ್ಟೋ ಪುಸ್ತಕಗಳು ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿಬಿಡುತ್ತವೆ.

1923 ಒಂದು ಗಾಯವನ್ನಂತೂ ಬಿಟ್ಟುಹೋಯಿತು. ಮುಂದೆ ಯಾವ ಸರ್ಕಾರಕ್ಕೂ ಸಾಲ ಮಾಡಿ ಖರ್ಚು ಮಾಡುವ ಧೈರ್ಯ ಇರಲಿಲ್ಲ. ಅದು ಮುಂದೆ ಬರುತ್ತದೆ.

ವರ್ಸೇಲ್ಸ್ ವಿಷಯ ಹಾಗಲ್ಲ. ಅದಕ್ಕೆ ಪಾತ್ರ ಇದೆ. ಒಪ್ಪಂದದ ಭಾರ ನಿಜವಾದದ್ದೇ. ಸೈನ್ಯ ಒಂದು ಲಕ್ಷಕ್ಕೆ ಇಳಿಯಬೇಕು, ಯುದ್ಧದ ಹೊಣೆ ಹೊರಬೇಕು, 1921ರಲ್ಲಿ ನಿಗದಿಯಾದ ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್. ಆದರೆ ಈ ಮೊತ್ತಕ್ಕಿಂತ ಜಾಸ್ತಿ ಕೆಡಿಸಿದ್ದು ಅದರ ಸುತ್ತ ಹಬ್ಬಿಸಿದ ಒಂದು ಸುಳ್ಳು ಅಂತ ನನ್ನ ಅನಿಸಿಕೆ.

1918ರ ಶರತ್ಕಾಲದಲ್ಲಿ ಯುದ್ಧ ಸೋತಿದೆ, ತಕ್ಷಣ ಕದನವಿರಾಮ ಬೇಕು ಅಂತ ಸರ್ಕಾರದ ಬೆನ್ನು ಹತ್ತಿದವರು ಸೇನಾಪತಿಗಳು. ಹಿಂಡೆನ್‌ಬರ್ಗ್ ಮತ್ತು ಲೂಡೆನ್‌ಡಾರ್ಫ್. ಸಹಿ ಹಾಕುವ ದಿನ ಬಂದಾಗ ಅವರು ಹೋಗಲಿಲ್ಲ. ನವೆಂಬರ್ 11ರಂದು ಕಾಂಪಿಯೆನ್ ಕಾಡಿನ ರೈಲು ಬೋಗಿಯಲ್ಲಿ ಸಹಿ ಹಾಕಿದ್ದು ಮಥಿಯಾಸ್ ಎರ್ಟ್ಸ್‌ಬರ್ಗರ್ ಎಂಬ ಕ್ಯಾಥೊಲಿಕ್ ಸೆಂಟರ್ ಪಕ್ಷದ ರಾಜಕಾರಣಿ. ಸೋಲಿನ ಕಾಗದದ ಮೇಲೆ ಸೇನೆಯ ದೊಡ್ಡವರ ಹೆಸರಿಲ್ಲ, ಪ್ರಜಾಪ್ರತಿನಿಧಿಯ ಹೆಸರಿದೆ. ಒಂದು ವರ್ಷ ಕಳೆದ ಮೇಲೆ ಹಿಂಡೆನ್‌ಬರ್ಗ್ ಸಂಸತ್ತಿನ ತನಿಖಾ ಸಮಿತಿಯ ಮುಂದೆ ನಿಂತು, ಸೇನೆ ಸೋಲಲಿಲ್ಲ, ಅದರ ಬೆನ್ನಿಗೆ ಇರಿದರು ಎಂದರು. ಊರಿಗೇ ಬೆಂಕಿ ಹಚ್ಚಿದವರು, ನೀರು ತಂದವನ ಮೇಲೆ ದೂರು ಕೊಟ್ಟ ಹಾಗೆ. ಶತ್ರು ಸೈನ್ಯ ಬರ್ಲಿನ್ ಬೀದಿಗೆ ಬಂದಿರಲಿಲ್ಲ. ಹಾಗಾಗಿ ಈ ಮಾತನ್ನು ನಂಬುವುದು ಸುಲಭವಾಗಿತ್ತು. 1921ರ ಆಗಸ್ಟ್‌ನಲ್ಲಿ ವಾಕಿಂಗ್ ಹೊರಟಿದ್ದ ಎರ್ಟ್ಸ್‌ಬರ್ಗರ್‌ನನ್ನು ಇಬ್ಬರು ಮಾಜಿ ಸೇನಾಧಿಕಾರಿಗಳು ಗುಂಡಿಟ್ಟು ಕೊಂದರು. ಮುಂದಿನ ವರ್ಷ ವಿದೇಶಾಂಗ ಮಂತ್ರಿ ವಾಲ್ಟರ್ ರಾಥೆನೌ ಸರದಿ.

ಇಲ್ಲಿ ನಿಮ್ಮ ಮಗಳ ಅಮೆರಿಕದ ಪ್ರಶ್ನೆಗೆ ಬರುತ್ತೇನೆ. ಅಮೆರಿಕದಲ್ಲಿ 1933ರ ಹೊತ್ತಿಗೆ ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅವರು ಹೂವರ್‌ನನ್ನು ಇಳಿಸಿ ರೂಸ್‌ವೆಲ್ಟ್‌ನನ್ನು ತಂದರು. ಸಿಟ್ಟು ಸರ್ಕಾರವನ್ನು ಬದಲಿಸಿತು, ವ್ಯವಸ್ಥೆಯನ್ನಲ್ಲ. ಜರ್ಮನಿಯಲ್ಲಿ ಗಣರಾಜ್ಯಕ್ಕೆ ಆಗ ಹದಿನಾಲ್ಕು ವರ್ಷ. ಅದನ್ನು ಕಾಯಬೇಕಾದ ಸೇನಾಧಿಕಾರಿ, ನ್ಯಾಯಾಧೀಶ, ಹಿರಿಯ ಅಧಿಕಾರಿ, ಪೂರ್ವದ ದೊಡ್ಡ ಜಮೀನ್ದಾರ, ಇವರಲ್ಲಿ ಎಷ್ಟೋ ಜನ ಅದನ್ನು ಒಂದು ದಿನವೂ ತಮ್ಮದೆಂದು ಒಪ್ಪಿರಲಿಲ್ಲ. ಕೈಸರ್, ಅಂದರೆ ಚಕ್ರವರ್ತಿ, ಓಡಿಹೋದ, ಅವನ ಆಫೀಸು ಹಾಗೇ ಉಳಿಯಿತು.

ಯಾಕೆ ಉಳಿಯಿತು? ಸೋಷಿಯಲ್ ಡೆಮಾಕ್ರಟ್ (ಚುನಾವಣೆಯ ದಾರಿ ನಂಬಿದ್ದ ಕಾರ್ಮಿಕರ ಪಕ್ಷ) ನಾಯಕ ಫ್ರೀಡ್ರಿಶ್ ಎಬರ್ಟ್ ಅಧಿಕಾರ ಹಿಡಿದ ಮರುದಿನವೇ, 1918ರ ನವೆಂಬರ್ 10ರಂದು, ಜನರಲ್ ಗ್ರೋನರ್ ಜೊತೆ ಒಂದು ಹೊಂದಾಣಿಕೆಗೆ ಬಂದ. ಸೇನೆ ಹೊಸ ಸರ್ಕಾರಕ್ಕೆ ಬೆಂಬಲ ಕೊಡುತ್ತದೆ, ಸರ್ಕಾರ ಸೇನೆಯ ಅಧಿಕಾರಿಗಳನ್ನು ಮುಟ್ಟುವುದಿಲ್ಲ. ಎಬರ್ಟ್‌ನನ್ನು ಬೈಯುವುದು ಸುಲಭ. ಲಕ್ಷಾಂತರ ಸೈನಿಕರು ಮನೆಗೆ ಬರಬೇಕಿತ್ತು, ಹಸಿವಿತ್ತು, ರಷ್ಯಾದ ಥರ ಆಗುತ್ತದೆಂಬ ಭಯವಿತ್ತು. 1919ರ ಜನವರಿಯಲ್ಲಿ ಬರ್ಲಿನ್‌ನ ಎಡಪಂಥೀಯ ದಂಗೆಯನ್ನು ಹತ್ತಿಕ್ಕಲು ಇದೇ ಹಳೆಯ ಅಧಿಕಾರಿಗಳ ಕೈಕೆಳಗಿನ ಬಲಪಂಥೀಯ ಪಡೆಗಳನ್ನು ಬಿಟ್ಟರು. ಅವರು ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಅವರನ್ನು ಹಿಡಿದು ಕೊಂದರು. ಆ ರಕ್ತ ಸೋಷಿಯಲ್ ಡೆಮಾಕ್ರಟ್, ಕಮ್ಯುನಿಸ್ಟ್ ಎಂಬ ಕಾರ್ಮಿಕರ ಎರಡು ಪಕ್ಷಗಳ ನಡುವೆ ಕೊನೆತನಕ ಒಣಗಲಿಲ್ಲ.

ಕೋರ್ಟುಗಳಂತೂ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಗುಂಬೆಲ್ ಎಂಬ ಗಣಿತಜ್ಞ ಗಣರಾಜ್ಯದ ಮೊದಲ ನಾಲ್ಕು ವರ್ಷದ ರಾಜಕೀಯ ಕೊಲೆಗಳನ್ನು ಕೂತು ಲೆಕ್ಕ ಹಾಕಿದ. ಬಲಪಂಥೀಯರು ಮಾಡಿದ್ದು 354, ಎಡಪಂಥೀಯರು ಮಾಡಿದ್ದು 22. ಮರಣದಂಡನೆ ಆದದ್ದು ಎಡಪಂಥದ ಹತ್ತು ಜನರಿಗೆ. ಬಲಪಂಥದವರಿಗೆ ಒಂದೂ ಇಲ್ಲ, ಅವರ ಬಹುಪಾಲು ಕೊಲೆಗಳಿಗೆ ಶಿಕ್ಷೆಯೇ ಆಗಲಿಲ್ಲ. ಹಿಟ್ಲರ್‌ನ ಕೇಸನ್ನೇ ನೋಡಿ. 1923ರ ದಂಗೆ ದೇಶದ್ರೋಹ. ಪೊಲೀಸರೂ ಸತ್ತಿದ್ದರು. ಕೊಟ್ಟದ್ದು ಐದು ವರ್ಷ, ಒಳಗಿದ್ದದ್ದು 1924ರ ಡಿಸೆಂಬರ್ ತನಕ ಮಾತ್ರ. ಅವನು ಆಗ ಆಸ್ಟ್ರಿಯಾದ ಪ್ರಜೆ. ಕಾನೂನಿನ ಪ್ರಕಾರ ಗಡಿಪಾರು ಮಾಡಬೇಕಿತ್ತು. ಇವನ ಯೋಚನೆ, ಭಾವನೆ ಎಲ್ಲ ಜರ್ಮನ್ ಅಂತ ಕೋರ್ಟು ಬಿಟ್ಟುಬಿಟ್ಟಿತು. ಅವನಿಗೆ ಜರ್ಮನ್ ಪೌರತ್ವ ಸಿಕ್ಕಿದ್ದು 1932ರ ಫೆಬ್ರವರಿಯಲ್ಲಿ. ಅದೂ ನಾಜಿ ಮಂತ್ರಿಯಿದ್ದ ಬ್ರೌನ್‌ಶ್ವೈಗ್ ಎಂಬ ಸಣ್ಣ ರಾಜ್ಯದಲ್ಲಿ ಹೆಸರಿಗೊಂದು ಸರ್ಕಾರಿ ಹುದ್ದೆ ಕೊಡಿಸಿ. ಜರ್ಮನಿಯ ಹಣೆಬರಹ ಬರೆದವನಿಗೆ ಅಲ್ಲಿ ವೋಟು ಹಾಕುವ ಹಕ್ಕೂ ಅಲ್ಲಿಯ ತನಕ ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ವಿಚಿತ್ರ ಅನಿಸುತ್ತದೆ.

ಇನ್ನು ಸಂವಿಧಾನ. ವೈಮಾರ್ ಊರಿನಲ್ಲಿ ಸಭೆ ಸೇರಿ ಮಾಡಿದ್ದರಿಂದ ಆ ಹೆಸರು. 1919ರ ಆಗಸ್ಟ್ 11ರಂದು ಸಹಿ ಬಿತ್ತು. ಹೆಂಗಸರಿಗೆ ವೋಟು, ಪ್ರತಿ 60,000 ಮತಕ್ಕೆ ಒಂದು ಸೀಟು, ಹಕ್ಕುಗಳ ಉದ್ದ ಪಟ್ಟಿ. ಸಣ್ಣಪುಟ್ಟ ಪಕ್ಷಗಳು ಜಾಸ್ತಿಯಾದದ್ದೇ ಮುಳುವಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಅಷ್ಟಾಗಿ ಒಪ್ಪುವುದಿಲ್ಲ. ಶೇ. 37 ಮತ ತೆಗೆದ ಪಕ್ಷವನ್ನು ಯಾವ ಸಣ್ಣ ಜರಡಿಯೂ ಹಿಡಿಯುತ್ತಿರಲಿಲ್ಲ. ನಿಜವಾದ ತೂತು ಅಧ್ಯಕ್ಷನ ಅಧಿಕಾರದಲ್ಲಿತ್ತು. ಅಧ್ಯಕ್ಷನನ್ನು ಜನ ನೇರವಾಗಿ ಏಳು ವರ್ಷಕ್ಕೆ ಆರಿಸುತ್ತಿದ್ದರು. ಚಾನ್ಸಲರ್‌ನನ್ನು ನೇಮಿಸುವವನು ಅವನು. ಸಂಸತ್ತನ್ನು ವಿಸರ್ಜಿಸುವವನೂ ಅವನೇ. 48ನೇ ವಿಧಿಯ ಪ್ರಕಾರ ತುರ್ತು ಸಮಯದಲ್ಲಿ ಸುಗ್ರೀವಾಜ್ಞೆ ಹೊರಡಿಸಬಹುದು, ಮೂಲಭೂತ ಹಕ್ಕುಗಳನ್ನು ತಡೆಹಿಡಿಯಬಹುದು. ಸಂಸತ್ತು ಬೇಡ ಅಂದರೆ ಆಜ್ಞೆ ರದ್ದು. ಆದರೆ ಬೇಡ ಅಂದ ಸಂಸತ್ತನ್ನೇ ಮನೆಗೆ ಕಳಿಸಿದರೆ? ಎರಡು ಕೀಲಿಯೂ ಒಬ್ಬನ ಕೈಯಲ್ಲೇ ಇತ್ತು.

ಎಬರ್ಟ್ ಅಧ್ಯಕ್ಷನಾಗಿದ್ದಾಗ 48ನೇ ವಿಧಿಯನ್ನು 136 ಸಲ ಬಳಸಿದ. ಹೆಚ್ಚಿನವು ಗಣರಾಜ್ಯ ಉಳಿಸಲು. ಔಷಧಿ ಅದೇ, ಕೊಡುವ ಕೈ ಬೇರೆಯಾದಾಗ ವಿಷವಾಯಿತು. 1949ರ ಆಗಸ್ಟ್‌ನಲ್ಲಿ ನಮ್ಮ ಸಂವಿಧಾನ ಸಭೆಯಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದು ನಿಂತು ಇದೇ ವೈಮಾರ್ ಉದಾಹರಣೆ ಕೊಟ್ಟು ಎಚ್ಚರಿಸಿದ್ದರು. ಇಂಥದ್ದೇ ವಿಧಿಗಳ ಲಾಭ ಪಡೆದು ಹಿಟ್ಲರ್ ಆ ಸಂವಿಧಾನವನ್ನು ಮುಗಿಸಿದ ಅಂತ. ಮಗಳಿಗೆ ಇದನ್ನೂ ಹೇಳಿ, ಅವಳ ಸಿವಿಕ್ಸ್ ಪಾಠಕ್ಕೂ ಉಪಯೋಗಕ್ಕೆ ಬರುತ್ತದೆ.

ಕೈ ಬದಲಾದದ್ದು 1925ರಲ್ಲಿ. ಎಬರ್ಟ್ 54ನೇ ವಯಸ್ಸಿಗೇ ತೀರಿಕೊಂಡ. ಚುನಾವಣೆಯ ಎರಡನೇ ಸುತ್ತಿನಲ್ಲಿ 77 ವರ್ಷದ ಹಿಂಡೆನ್‌ಬರ್ಗ್‌ಗೆ 1 ಕೋಟಿ 46 ಲಕ್ಷ ಮತ. ಪ್ರಜಾಪ್ರಭುತ್ವದ ಪಕ್ಷಗಳು ಸೇರಿ ನಿಲ್ಲಿಸಿದ್ದ ವಿಲ್ಹೆಲ್ಮ್ ಮಾರ್ಕ್ಸ್‌ಗೆ 1 ಕೋಟಿ 37 ಲಕ್ಷ. ಕಮ್ಯುನಿಸ್ಟರು ತಮ್ಮ ಥೇಲ್ಮನ್‌ನನ್ನು ಕಣದಿಂದ ಇಳಿಸಲೇ ಇಲ್ಲ. ಅವನು ತೆಗೆದದ್ದು 19 ಲಕ್ಷ. ಕೂಡಿ ಕಳೆದರೆ ಲೆಕ್ಕ ಗೊತ್ತಾಗುತ್ತದೆ. ಬೆನ್ನಿಗೆ ಇರಿದ ಕಥೆ ಹೇಳಿದ ಮುದುಕನೇ ಈಗ ಗಣರಾಜ್ಯದ ಕಾವಲುಗಾರ. ಮೊದಲ ಐದು ವರ್ಷ ಅವನು ಪ್ರಮಾಣಕ್ಕೆ ತಪ್ಪಿ ನಡೆಯಲಿಲ್ಲ, ಅದನ್ನೂ ಹೇಳಬೇಕು.

ಈಗ ನಾನು ಮುಖ್ಯ ಅಂದುಕೊಂಡಿರುವ ಜಾಗ, 1930ರ ಮಾರ್ಚ್. ಆಗ ಹರ್ಮನ್ ಮ್ಯೂಲರ್ ಎಂಬ ಸೋಷಿಯಲ್ ಡೆಮಾಕ್ರಟ್‌ನ ಮೈತ್ರಿ ಸರ್ಕಾರ ಇತ್ತು. ಅದರಲ್ಲಿ ಕಾರ್ಮಿಕರ ಪಕ್ಷವೂ ಇತ್ತು, ಕಾರ್ಖಾನೆ ಮಾಲೀಕರ ಪಕ್ಷವೂ ಇತ್ತು. ಎತ್ತು ಏರಿಗೆ, ಕೋಣ ನೀರಿಗೆ. ಇವೆರಡನ್ನೂ ಒಂದು ನೊಗಕ್ಕೆ ಹೂಡಿದ್ದ ವಿದೇಶಾಂಗ ಮಂತ್ರಿ ಶ್ಟ್ರೇಸ್‌ಮನ್ 1929ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದ. ಅದೇ ತಿಂಗಳು ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ನಿರುದ್ಯೋಗ ವಿಮೆಯ ನಿಧಿ ಬರಿದಾಗತೊಡಗಿತು. ವಂತಿಗೆ ಸಂಬಳದ ಶೇ. 3.5 ಇತ್ತು, ಕಾರ್ಮಿಕರೂ ಮಾಲೀಕರೂ ಅರ್ಧರ್ಧ ಕೊಡುತ್ತಿದ್ದರು. ಅದನ್ನು ಶೇ. 4 ಮಾಡೋಣ ಅಂತ ಒಬ್ಬರು, ಪರಿಹಾರವನ್ನೇ ಕಡಿಮೆ ಮಾಡೋಣ ಅಂತ ಇನ್ನೊಬ್ಬರು. ಜಗಳ ಅರ್ಧ ಪರ್ಸೆಂಟಿನದು. ಮಧ್ಯದ ದಾರಿಯೊಂದನ್ನು ಮುಂದಿಟ್ಟರು. ಕಾರ್ಮಿಕ ಸಂಘಗಳ ಒತ್ತಡಕ್ಕೆ ಸೋಷಿಯಲ್ ಡೆಮಾಕ್ರಟ್ ಸದಸ್ಯರು ಬೇಡ ಅಂದರು. ಮಾರ್ಚ್ 27ರಂದು ಮ್ಯೂಲರ್ ರಾಜೀನಾಮೆ ಕೊಟ್ಟ. ಸಂಸತ್ತಿನ ಬಹುಮತದ ಮೇಲೆ ನಿಂತ ಕೊನೆಯ ಸರ್ಕಾರ ಅದು. ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಸರ್ಕಾರ ಬಿತ್ತು ಅಂತ ಜನ ಪೇಪರ್ ಮಡಚಿಟ್ಟಿರಬೇಕು.

ಪೆದ್ದುತನ ಅನಿಸುತ್ತದೆ, ಅಲ್ವಾ? ಪೂರ್ತಿ ಹಾಗಲ್ಲ. ಪರದೆ ಹಿಂದೆ ಬೇರೆಯೇ ತಯಾರಿ ನಡೆದಿತ್ತು. ಹಿಂಡೆನ್‌ಬರ್ಗ್‌ನ ಸುತ್ತ ಇದ್ದವರು, ಅದರಲ್ಲೂ ಜನರಲ್ ಕುರ್ಟ್ ಫಾನ್ ಶ್ಲೈಶರ್, ಸೋಷಿಯಲ್ ಡೆಮಾಕ್ರಟ್‌ರನ್ನು ಹೊರಗಿಟ್ಟು, ಸಂಸತ್ತಿನ ಹಂಗಿಲ್ಲದೆ, ಅಧ್ಯಕ್ಷನ ಸಹಿಯ ಮೇಲೆ ನಡೆಯುವ ಸರ್ಕಾರವನ್ನು ತಿಂಗಳುಗಳ ಮುಂಚೆಯೇ ಯೋಚಿಸಿದ್ದರು. 48ನೇ ವಿಧಿಯ ಆಸರೆಯನ್ನು ಹಿಂಡೆನ್‌ಬರ್ಗ್ ಮ್ಯೂಲರ್‌ಗೆ ಕೊಡಲಿಲ್ಲ. ಮುಂದೆ ಚಾನ್ಸಲರ್ ಆಗಿ ಬಂದ ಹೈನ್ರಿಶ್ ಬ್ರ್ಯೂನಿಂಗ್‌ಗೆ ಕೊಟ್ಟ. ಇಲ್ಲಿಯೇ ನಾನು ಕೆಂಪು ಗೆರೆ ಎಳೆಯುತ್ತೇನೆ. ಆಗ ಸಂಸತ್ತಿನಲ್ಲಿ ನಾಜಿಗಳು 12 ಜನ. ಸಂಸತ್ತನ್ನು ಬದಿಗೆ ತಳ್ಳಬೇಕು ಅಂತ ತೀರ್ಮಾನ ಮಾಡಿದವರು ಅವರಲ್ಲ.

ಜುಲೈನಲ್ಲಿ ಬ್ರ್ಯೂನಿಂಗ್‌ನ ಖರ್ಚು ಕಡಿತದ ಮಸೂದೆಯನ್ನು ಸಂಸತ್ತು ತಿರಸ್ಕರಿಸಿತು. ಅದನ್ನೇ ಸುಗ್ರೀವಾಜ್ಞೆ ಮಾಡಿ ತಂದ. ಸಂಸತ್ತು ಅದನ್ನೂ ಕೆಲವೇ ಮತಗಳ ಅಂತರದಿಂದ ರದ್ದು ಮಾಡಿತು. ಆಗ ಸಂಸತ್ತನ್ನೇ ವಿಸರ್ಜಿಸಿದರು. ಮುಂದಿನ ಚುನಾವಣೆ ಬರಬೇಕಿದ್ದದ್ದು 1932ರಲ್ಲಿ. ಯಾರೂ ಕೇಳದ ಈ ಚುನಾವಣೆಯನ್ನು ಬಿಕ್ಕಟ್ಟಿನ ನಡುವೆ ತಂದದ್ದರಿಂದ ನಾಜಿಗಳ 12 ಸೀಟು 107 ಆಯಿತು.

ಅಲ್ಲಿಂದ ಸಂಸತ್ತು ಹೇಗೆ ಒಣಗಿತು ಅನ್ನುವುದಕ್ಕೆ ಲೆಕ್ಕ ಇದೆ. 1930ರಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು 98, ಸುಗ್ರೀವಾಜ್ಞೆ 5. ಮರುವರ್ಷ ಕಾನೂನು 34, ಸುಗ್ರೀವಾಜ್ಞೆ 44. 1932ರಲ್ಲಿ ಕಾನೂನು ಬರೀ 5, ಸುಗ್ರೀವಾಜ್ಞೆಗಳು ಅದರ ಹತ್ತು ಪಟ್ಟಿಗಿಂತ ಜಾಸ್ತಿ. ಆ ಇಡೀ ವರ್ಷ ಸಂಸತ್ತು ಸೇರಿದ್ದು 13 ದಿನ. ಹಿಟ್ಲರ್ ಬಂದು ಬೀಗ ಹಾಕಿದ ಅಂತ ನಾವು ಹೇಳುತ್ತೇವೆ. ಅವನು ಬರುವ ಹೊತ್ತಿಗೆ ಒಳಗೆ ದೀಪ ಆರಿಸಿಯಾಗಿತ್ತು.

ಬ್ರ್ಯೂನಿಂಗ್ ಕೆಟ್ಟವನಾಗಿರಲಿಲ್ಲ. ಆದರೆ ಸಂಬಳ ಕಡಿತ, ಪಿಂಚಣಿ ಕಡಿತ, ತೆರಿಗೆ ಏರಿಕೆ ಅಂತ ಬಿಗಿಯುತ್ತಲೇ ಹೋದ. 1923ರ ಭೂತದ ಭಯ, ಚಿನ್ನಕ್ಕೆ ಕಟ್ಟಿಹಾಕಿದ ನಾಣ್ಯ, ಸಾಲ ವಾಪಸ್ ಕೇಳುವ ವಿದೇಶಿ ಬ್ಯಾಂಕುಗಳು, ಜೊತೆಗೆ ಜರ್ಮನಿಯ ಕೈಲಿ ಯುದ್ಧ ಪರಿಹಾರ ಕಟ್ಟಲು ಆಗುವುದೇ ಇಲ್ಲ ಅಂತ ತೋರಿಸುವ ಆಸೆ. ಅವನಿಗೆ ಬೇರೆ ದಾರಿ ಇತ್ತೇ ಅನ್ನುವ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. 1931ರ ಜುಲೈನಲ್ಲಿ ಡಾನಾಟ್ ಬ್ಯಾಂಕ್ ಮುಳುಗಿ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದವು. 1932ರ ಆರಂಭಕ್ಕೆ ಲೆಕ್ಕಕ್ಕೆ ಸಿಕ್ಕ ನಿರುದ್ಯೋಗಿಗಳೇ 60 ಲಕ್ಷ ದಾಟಿದರು.

ಕೆಲಸ ಕಳೆದುಕೊಂಡವರೆಲ್ಲ ಹಿಟ್ಲರ್ ಹಿಂದೆ ಹೋದರು ಅಂತ ಪಾಠದಲ್ಲಿ ಇದ್ದರೆ ಅದನ್ನೂ ಸ್ವಲ್ಪ ತಿದ್ದಬೇಕು. ಕೆಲಸವಿಲ್ಲದ ಕಾರ್ಮಿಕರು ಹೆಚ್ಚಾಗಿ ಹೋದದ್ದು ಕಮ್ಯುನಿಸ್ಟರ ಕಡೆಗೆ. ನಾಜಿಗಳಿಗೆ ಗಟ್ಟಿ ನೆಲ ಸಿಕ್ಕಿದ್ದು ಉತ್ತರದ ಮತ್ತು ಪೂರ್ವದ ಪ್ರಾಟೆಸ್ಟೆಂಟ್ ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ. ಶ್ಲೆಸ್‌ವಿಗ್-ಹೋಲ್‌ಸ್ಟೈನ್‌ನ ರೈತ, ಅಂಗಡಿಯವನು, ಕುಶಲಕರ್ಮಿ, ಗುಮಾಸ್ತ. ರೈತರ ಕಷ್ಟ ಷೇರುಪೇಟೆ ಕುಸಿಯುವ ಮೊದಲೇ ಶುರುವಾಗಿತ್ತು. ಬೆಳೆಗೆ ಬೆಲೆ ಇಲ್ಲ, ಸಾಲ, ಹರಾಜು. ಇವರು ಮೊದಲು ಸಂಪ್ರದಾಯಸ್ಥ ಪಕ್ಷಗಳಿಗೋ ಸಣ್ಣ ಪಕ್ಷಗಳಿಗೋ ವೋಟು ಹಾಕುತ್ತಿದ್ದವರು. ಆ ಪಕ್ಷಗಳು ಕುಸಿದ ಜಾಗದಲ್ಲಿ ನಾಜಿಗಳು ನುಗ್ಗಿದರು. ಕ್ಯಾಥೊಲಿಕ್ ಊರುಗಳು ಮತ್ತು ಸಂಘಟಿತ ಕಾರ್ಮಿಕರ ಬಸ್ತಿಗಳು ಕೊನೆಯ ತನಕ ಅಷ್ಟಾಗಿ ಬಗ್ಗಲಿಲ್ಲ.

ಹಾಗಾದರೆ ಆ ಕಾರ್ಮಿಕರು ಯಾಕೆ ತಡೆಯಲಿಲ್ಲ? ಒಂದು ಕಾರಣ ಒಡಕು. ಮಾಸ್ಕೋದ ಮಾತು ಕೇಳುತ್ತಿದ್ದ ಕಮ್ಯುನಿಸ್ಟರಿಗೆ ಸೋಷಿಯಲ್ ಡೆಮಾಕ್ರಟ್‌ರೇ ಮೊದಲ ಶತ್ರು, ಅವರನ್ನು ಕರೆಯುತ್ತಿದ್ದದ್ದೇ ಸೋಷಿಯಲ್ ಫ್ಯಾಸಿಸ್ಟ್ ಅಂತ. 1931ರಲ್ಲಿ ಪ್ರಷ್ಯಾದ ಸರ್ಕಾರವನ್ನು ಬೀಳಿಸಲು ನಾಜಿಗಳು ಬೆಂಬಲಿಸಿದ ಜನಮತಗಣನೆಯಲ್ಲಿ ಕಮ್ಯುನಿಸ್ಟರೂ ಕೈಜೋಡಿಸಿದರು. ಅದು ಸೋತಿತು ಅನ್ನುವುದು ಬೇರೆ ಮಾತು. 1932ರ ನವೆಂಬರ್‌ನಲ್ಲಿ ಕಾರ್ಮಿಕರ ಈ ಎರಡೂ ಪಕ್ಷದ ಸೀಟು ಕೂಡಿದರೆ 221, ನಾಜಿಗಳದ್ದು 196. ಕೂಡಿದರೆ ತಾನೇ!

ಇನ್ನೊಂದು ಕಾರಣವನ್ನು ಎರಡು ದಿನಾಂಕ ಅಕ್ಕಪಕ್ಕ ಇಟ್ಟು ಹೇಳುತ್ತೇನೆ. 1920ರ ಮಾರ್ಚ್‌ನಲ್ಲಿ ಕಾಪ್ ಎಂಬುವನು ಬಂಡುಕೋರ ಸೈನಿಕರ ಜೊತೆ ಬರ್ಲಿನ್ ಹಿಡಿದಾಗ ಸೇನೆ ಅವರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಸರ್ಕಾರ ಊರು ಬಿಟ್ಟು ಓಡಿತು. ಆಗ ಕಾರ್ಮಿಕರು ಮುಷ್ಕರ ಹೂಡಿದರು. ಬರ್ಲಿನ್‌ನಲ್ಲಿ ಟ್ರಾಮ್ ಇಲ್ಲ, ಕರೆಂಟ್ ಇಲ್ಲ, ನೀರಿಲ್ಲ, ಪೇಪರ್ ಇಲ್ಲ. ದಂಗೆಕೋರರ ಘೋಷಣೆ ಅಚ್ಚು ಹಾಕುವವರೂ ಸಿಗಲಿಲ್ಲ. ನಾಲ್ಕೈದು ದಿನದಲ್ಲಿ ಕಾಪ್ ಓಡಿಹೋದ.

ಹನ್ನೆರಡು ವರ್ಷದ ನಂತರ, 1932ರ ಜುಲೈ 20. ಬ್ರ್ಯೂನಿಂಗ್‌ನನ್ನು ಹಿಂಡೆನ್‌ಬರ್ಗ್ ಅಷ್ಟರಲ್ಲಿ ಮನೆಗೆ ಕಳಿಸಿದ್ದ. ಹೊಸ ಚಾನ್ಸಲರ್ ಫ್ರಾನ್ಸ್ ಫಾನ್ ಪಾಪೆನ್ 48ನೇ ವಿಧಿ ಬಳಸಿ ಪ್ರಷ್ಯಾ ರಾಜ್ಯದ ಸರ್ಕಾರವನ್ನೇ ಕಿತ್ತುಹಾಕಿದ. ಪ್ರಷ್ಯಾ ಅಂದರೆ ಜರ್ಮನಿಯ ಐದರಲ್ಲಿ ಮೂರು ಪಾಲು. ಒಟ್ಟೊ ಬ್ರೌನ್ ಎಂಬ ಸೋಷಿಯಲ್ ಡೆಮಾಕ್ರಟ್ ಅಲ್ಲಿ ಹೆಚ್ಚುಕಡಿಮೆ ಹನ್ನೆರಡು ವರ್ಷ ಸರ್ಕಾರ ನಡೆಸಿದ್ದ. ಗಣರಾಜ್ಯದ ಕೈಲಿದ್ದ ಗಟ್ಟಿ ಕೋಟೆ ಅದು, ದೊಡ್ಡ ಪೊಲೀಸ್ ಪಡೆಯೂ ಅದರ ಕೈಲಿತ್ತು. ಈ ಸಲ ಮುಷ್ಕರ ಆಗಲಿಲ್ಲ. ಗುಂಡೂ ಹಾರಲಿಲ್ಲ. ಅವರು ಕೋರ್ಟಿಗೆ ಹೋದರು. ಹೇಡಿಗಳು ಅಂತ ಮುಂದೆ ಬಹಳ ಜನ ಬೈದರು. ನನಗೆ ಅಷ್ಟು ಸುಲಭಕ್ಕೆ ಬೈಯಲು ಮನಸ್ಸಾಗುವುದಿಲ್ಲ. ಆ ಸರ್ಕಾರ ಏಪ್ರಿಲ್‌ನ ಚುನಾವಣೆಯಲ್ಲೇ ಬಹುಮತ ಕಳೆದುಕೊಂಡು ಉಸ್ತುವಾರಿಯಾಗಿ ಕೂತಿತ್ತು. ಜೊತೆಗೆ ದೇಶದಲ್ಲಿ ಲಕ್ಷಾಂತರ ಜನ ಕೆಲಸಕ್ಕೆ ಕಾದು ನಿಂತಿದ್ದರು. ನೀವು ಮಷೀನು ಬಿಟ್ಟು ಹೊರಗೆ ಬಂದರೆ ನಾಳೆ ಅದರ ಮುಂದೆ ಇನ್ನೊಬ್ಬ. ನಿರುದ್ಯೋಗ ಹಿಟ್ಲರ್‌ಗೆ ವೋಟು ಕೊಟ್ಟಿತು ಅನ್ನುವುದಕ್ಕಿಂತ, ಅವನನ್ನು ತಡೆಯಬಹುದಾಗಿದ್ದವರ ಕೈಯ ಒಂದೇ ಅಸ್ತ್ರವನ್ನು ಮೊಂಡು ಮಾಡಿತು ಅನ್ನುವುದು ಹೆಚ್ಚು ಸರಿ.

ಇನ್ನು ಕೊನೆಯ ಅಂಕ. ಸೆಪ್ಟೆಂಬರ್ 12ರಂದು ಸಂಸತ್ತು ಪಾಪೆನ್ ವಿರುದ್ಧ 512ಕ್ಕೆ 42 ಮತದಿಂದ ಅವಿಶ್ವಾಸ ಸೂಚಿಸಿತು. ಪಾಪೆನ್ ವಿಸರ್ಜನೆಯ ಆಜ್ಞೆ ಹಿಡಿದು ಮಾತಾಡಲು ಅವಕಾಶ ಕೇಳುತ್ತಲೇ ಇದ್ದ, ಸಭಾಧ್ಯಕ್ಷನಾಗಿದ್ದ ನಾಜಿ ನಾಯಕ ಗೋರಿಂಗ್ ಬೇಕಂತಲೇ ಬೇರೆ ಕಡೆ ನೋಡುತ್ತ ಮತ ಎಣಿಸಿದ. ನಾಜಿ ಮತ್ತು ಕಮ್ಯುನಿಸ್ಟ್ ಸೇರಿದರೆ ಅರ್ಧಕ್ಕಿಂತ ಹೆಚ್ಚು ಸೀಟು. ಒಬ್ಬನನ್ನು ಇಳಿಸಲು ಎಲ್ಲರೂ ಒಂದು, ಇನ್ನೊಬ್ಬನನ್ನು ಕೂರಿಸಲು ಯಾರೂ ಇಲ್ಲ. 1949ರ ಜರ್ಮನ್ ಸಂವಿಧಾನದಲ್ಲಿ ಅದಕ್ಕೇ ಒಂದು ನಿಯಮ ಹಾಕಿದರು. ಮುಂದಿನ ಚಾನ್ಸಲರ್‌ನನ್ನು ಆರಿಸದೆ ಈಗಿನವನನ್ನು ಇಳಿಸುವಂತಿಲ್ಲ.

ಡಿಸೆಂಬರ್‌ನಲ್ಲಿ ಶ್ಲೈಶರ್ ತಾನೇ ಚಾನ್ಸಲರ್ ಆದ. ಕುರ್ಚಿ ಕಳೆದುಕೊಂಡ ಪಾಪೆನ್‌ಗೆ ಹಗೆ. 1933ರ ಜನವರಿ 4ರಂದು ಕಲೋನ್‌ನಲ್ಲಿ ಶ್ರೋಡರ್ ಎಂಬ ಬ್ಯಾಂಕರ್ ಮನೆಯಲ್ಲಿ ಅವನು ಹಿಟ್ಲರ್‌ನನ್ನು ಗುಟ್ಟಾಗಿ ಕಂಡ. ಆಗ ನಾಜಿ ಪಕ್ಷದ ಸ್ಥಿತಿ ಚೆನ್ನಾಗಿರಲಿಲ್ಲ. ಖಜಾನೆ ಖಾಲಿ. ಹಿಟ್ಲರ್‌ನ ನಂತರದ ದೊಡ್ಡ ನಾಯಕ ಗ್ರೆಗರ್ ಶ್ಟ್ರಾಸರ್ ಹುದ್ದೆಗಳನ್ನೆಲ್ಲ ಬಿಟ್ಟು ಹೋಗಿದ್ದ. ಜನವರಿ 15ರಂದು ಲಿಪ್ಪೆ ಎಂಬ ಪುಟ್ಟ ರಾಜ್ಯದಲ್ಲಿ ಚುನಾವಣೆ, ಬಿದ್ದ ಮತ ಒಟ್ಟು ಒಂದು ಲಕ್ಷದಷ್ಟು. ಹಿಟ್ಲರ್ ತನ್ನೆಲ್ಲ ಬಲ ಅಲ್ಲಿ ಸುರಿದು ಶೇ. 39.5 ತೆಗೆದು, ದೇಶವೇ ನಮ್ಮ ಕಡೆ ಅಂತ ಡಂಗುರ ಹೊಡೆಸಿದ. ನಮ್ಮ ತಾಲ್ಲೂಕು ಪಂಚಾಯ್ತಿ ಗೆದ್ದು ದಿಲ್ಲಿ ಗೆದ್ದೆ ಅಂದ ಹಾಗೆ.

85 ವರ್ಷದ ಹಿಂಡೆನ್‌ಬರ್ಗ್‌ಗೆ ಹಿಟ್ಲರ್ ಕಂಡರೆ ಆಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಶೇ. 37 ತೆಗೆದು ಬಂದಾಗಲೇ ಆಗುವುದಿಲ್ಲ ಅಂದು ಕಳಿಸಿದ್ದ. ಈಗ ಮಗ ಆಸ್ಕರ್, ಕಾರ್ಯದರ್ಶಿ ಮೈಸ್ನರ್, ಪಾಪೆನ್ ಮೂವರೂ ಸೇರಿ ಮನ ಒಲಿಸಿದರು. ಮಂತ್ರಿಮಂಡಲದಲ್ಲಿ ಹಿಟ್ಲರ್ ಸೇರಿ ಮೂರೇ ನಾಜಿಗಳು, ಉಳಿದವರೆಲ್ಲ ನಮ್ಮವರು, ಪಾಪೆನ್ ಉಪ ಚಾನ್ಸಲರ್. ಎರಡು ತಿಂಗಳಲ್ಲಿ ಹಿಟ್ಲರ್‌ನನ್ನು ಮೂಲೆಗೆ ಒತ್ತಿ ಕಿರುಚುವ ಹಾಗೆ ಮಾಡುತ್ತೇವೆ ಅಂತ ಪಾಪೆನ್ ಜಂಬ ಕೊಚ್ಚಿಕೊಂಡಿದ್ದ. ಜನವರಿ 30ರ ಬೆಳಿಗ್ಗೆ ಪ್ರಮಾಣಕ್ಕೆ ಮುಂಚೆ, ಇನ್ನೊಂದು ಚುನಾವಣೆ ಬೇಕೋ ಬೇಡವೋ ಅಂತ, ಮಂತ್ರಿಯಾಗಲಿದ್ದ ಸಂಪ್ರದಾಯಸ್ಥ ಪಕ್ಷದ ನಾಯಕ ಹೂಗೆನ್‌ಬರ್ಗ್ ಮತ್ತು ಹಿಟ್ಲರ್ ಪಕ್ಕದ ಕೋಣೆಯಲ್ಲಿ ಜಗಳಕ್ಕೆ ನಿಂತರು. ಮುದಿ ಅಧ್ಯಕ್ಷ ಕಾಯುತ್ತ ಕೂತಿದ್ದ. ಜಗಳ ತೀರುವ ಮೊದಲೇ ಅವರನ್ನು ಒಳಗೆ ಕರೆದುಕೊಂಡು ಹೋದರು.

ನಂತರದ್ದು ವೇಗವಾಗಿ ನಡೆಯಿತು. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ. ಮರುದಿನ ಅದೇ 48ನೇ ವಿಧಿಯಡಿ ಹಕ್ಕುಗಳೆಲ್ಲ ರದ್ದು, ಸಾವಿರಾರು ಜನ ಜೈಲಿಗೆ. ಅಷ್ಟು ಹೊಡೆತ ಬಡಿತದ ನಡುವೆ ಮಾರ್ಚ್ 5ರಂದು ನಡೆದ ಚುನಾವಣೆಯಲ್ಲೂ ನಾಜಿಗಳಿಗೆ ಸಿಕ್ಕಿದ್ದು ಶೇ. 43.9. ಮಾರ್ಚ್ 23ರಂದು ಕ್ರೋಲ್ ಒಪೆರಾ ಭವನದಲ್ಲಿ, ಸಮವಸ್ತ್ರದ ಗೂಂಡಾಗಳು ಸಾಲಾಗಿ ನಿಂತಿರುವಾಗ, ಸಂಸತ್ತು ತನ್ನ ಅಧಿಕಾರವನ್ನೆಲ್ಲ ಸರ್ಕಾರಕ್ಕೆ ಬರೆದುಕೊಡುವ ಕಾನೂನಿಗೆ ಮತ ಹಾಕಿತು. ಕಮ್ಯುನಿಸ್ಟರನ್ನು ಒಳಗೆ ಬಿಟ್ಟಿರಲಿಲ್ಲ. ಎರ್ಟ್ಸ್‌ಬರ್ಗರ್‌ನ ಅದೇ ಸೆಂಟರ್ ಪಕ್ಷ ಹೂಂ ಅಂತು. ಬೇಡ ಅಂದದ್ದು ಹಾಜರಿದ್ದ 94 ಸೋಷಿಯಲ್ ಡೆಮಾಕ್ರಟ್‌ರು ಮಾತ್ರ. ಅವರ ನಾಯಕ ಒಟ್ಟೊ ವೆಲ್ಸ್ ಎದ್ದು ನಿಂತು ಹೇಳಿದ: "ನಮ್ಮ ಸ್ವಾತಂತ್ರ್ಯ ಕಸಿದುಕೊಳ್ಳಬಹುದು, ಪ್ರಾಣ ಕಸಿದುಕೊಳ್ಳಬಹುದು, ಮಾನವನ್ನಲ್ಲ."

ಇಸವಿಯ ವಿಷಯ. ಪರೀಕ್ಷೆಯಲ್ಲಿ 1933 ಅಂತಲೇ ಬರೆಯಲಿ, ಅಂಕ ಬರುವುದು ಅದಕ್ಕೇ. ಜಾಗ ಉಳಿದರೆ 1930ರ ಮಾರ್ಚ್ 27 ಅಂತಲೂ ಒಂದು ಸಾಲು ಸೇರಿಸಲಿ. ಪೇಪರ್ ತಿದ್ದುವವರು ಯಾಕೆ ಅಂತ ಕೇಳಿದರೆ, ಅರ್ಧ ಪರ್ಸೆಂಟಿನ ಕಥೆ ಅವಳಿಗೆ ಈಗ ಗೊತ್ತು.